ಚಳಿ ಬಿತ್ತು ಅಂತ ಐಸ್ ಹತ್ತೋಕೆ ಹೊರಟ್ರಾ? ಜಾಗ ಹುಡುಕೋ ಮುಂಚೆ ಈ ಐದು ಪ್ರಶ್ನೆ ಕೇಳಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳಬೇಕು ಅನ್ನೋರು ಮೇಲಿರುವ ಪ್ಲೇ ಬಟನ್ ಒತ್ತಿ.)

ಇಯರ್‌ಫೋನ್ ಹಾಕ್ಕೊಂಡು ಹೆಬ್ಬಾಳ ಫ್ಲೈಓವರ್ ಮೇಲೆ ನಿಂತಿರೋರಿಗೆ ವಿಶೇಷ ಸ್ವಾಗತ. ಈ ಸಂಚಿಕೆ ಪೂರ್ತಿ ಕೇಳೋಷ್ಟು ಟೈಮ್ ನಿಮಗೆ ಖಂಡಿತ ಇದೆ.

ಕಳೆದ ವಾರದ ಚಳಿ ನೋಡಿದ್ರಲ್ಲ? ಯಲಹಂಕದಲ್ಲಿ ಬೆಳಗ್ಗೆ ಆರು ಗಂಟೆಗೆ ಹಾಲು ತರೋಕೆ ಹೋದೆ. ಅಂಗಡಿಯವರು ಮಂಕಿ ಕ್ಯಾಪ್ ಹಾಕ್ಕೊಂಡು, ಕಣ್ಣು ಮಾತ್ರ ಬಿಟ್ಟುಕೊಂಡು ಕೂತಿದ್ದರು. "ಜಿಕೆವಿಕೆ ಒಳಗಡೆ ಇನ್ನೂ ಜಾಸ್ತಿ ಚಳಿ ಅಂತೆ ಮೇಡಂ" ಅಂದರು. ಪಕ್ಕದಲ್ಲಿ ಅವರೆಕಾಯಿ ರಾಶಿ, ಮೇಲೆ ಬೀದಿ ದೀಪದ ಸುತ್ತ ಮಂಜು. ಮನೆಗೆ ಬಂದು ಫೋನ್ ನೋಡಿದರೆ ಆರ್‌.ಟಿ. ನಗರದ ನನ್ನ ಚಿಕ್ಕಮ್ಮನ ಮಗನಿಂದ ಒಂದು ವಾಯ್ಸ್ ನೋಟ್.

"ಅಕ್ಕಾ, ಉತ್ತರ ಭಾರತದಲ್ಲಿ ಶೀತಗಾಳಿ ಅಂತೆ. ಜಲಪಾತಗಳೆಲ್ಲಾ ಫ್ರೀಜ್ ಆಗಿವೆ. ಐಸ್ ಕ್ಲೈಂಬಿಂಗ್‌ಗೆ ಇದೇ ಟೈಮು. ಹೊಸಬರಿಗೆ ಸುಲಭವಾದ ಜಾಗ ಯಾವುದು ಹೇಳು. ಐದು ದಿನದ ಪ್ಯಾಕೇಜ್ ಸಿಕ್ಕಿದೆ, ಶನಿವಾರವೇ ಫ್ಲೈಟ್. ನಾಳೆ ರಾತ್ರಿ ಒಳಗೆ ದುಡ್ಡು ಕಟ್ಟಬೇಕು."

ಜೊತೆಗೆ ಒಂದು ರೀಲು. ನೀಲಿ ಬಣ್ಣದ ಐಸ್ ಗೋಡೆ, ಎರಡು ಕೈಯಲ್ಲೂ ಕೊಡಲಿ ತರಹದ್ದು ಹಿಡಿದು ಹತ್ತುತ್ತಿರೋ ಹುಡುಗಿ, ಹಿಂದೆ ಮ್ಯೂಸಿಕ್ಕು. ಅವನು ನನ್ನನ್ನೇ ಯಾಕೆ ಕೇಳಿದ ಅಂದ್ರೆ, ಮನೆಯಲ್ಲಿ ಐಸ್ ಹತ್ತಿದವಳು ಅಂತ ಇರೋದು ನಾನೊಬ್ಬಳೇ. ಹಾಗಂತ ನಾನೇನೂ ಎಕ್ಸ್‌ಪರ್ಟ್ ಅಲ್ಲ. ಎರಡು ಸಲ ಹೋಗಿದ್ದೀನಿ. ಮೊದಲನೇ ಸಲ ಏನಾಯ್ತು ಅನ್ನೋದನ್ನ ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಇವತ್ತು ಅದನ್ನೂ ಹೇಳ್ತೀನಿ.

ನಂದಿ ಬೆಟ್ಟದಲ್ಲಿ ಯಾಕೆ ಆಗಲ್ಲ?

ಮೊದಲು ನಮ್ಮ ಊರಿನ ಲೆಕ್ಕ ಮುಗಿಸಿಬಿಡೋಣ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರಂದು. ಆಮೇಲೆ ಇಷ್ಟು ವರ್ಷ ಕಳೆದರೂ ಆ ದಾಖಲೆ ಮುರಿದಿಲ್ಲ.

ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತೆ. ಸರಾಸರಿ ತೆಗೆದುಕೊಂಡರೆ ಪ್ರತಿ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ಇಳಿಯುತ್ತೆ. ಬೆಂಗಳೂರು ಇರೋದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ, ನಂದಿ ಬೆಟ್ಟ 1,478 ಮೀಟರ್. ಅಂದ್ರೆ ವ್ಯತ್ಯಾಸ ಮೂರೂವರೆ ಡಿಗ್ರಿ ಅಷ್ಟೇ. ಆ 1884ರ ಚಳಿಯೇ ವಾಪಸ್ ಬಂದರೂ ನಂದಿ ಬೆಟ್ಟದ ಮೇಲೆ ಲೆಕ್ಕದ ಪ್ರಕಾರ ನಾಲ್ಕು ಡಿಗ್ರಿ ಆಸುಪಾಸು ಇರಬೇಕು. ನೀರು ಹೆಪ್ಪುಗಟ್ಟೋಕೆ ಸೊನ್ನೆಗೆ ಇಳಿಯಬೇಕು.

ಊಟಿಯಲ್ಲಿ ಹುಲ್ಲಿನ ಮೇಲೆ ಬಿಳಿ ಪುಡಿ ಬೀಳುತ್ತಲ್ಲ ಅಂತೀರಾ? ಅದು ಗಾಳಿಯಲ್ಲಿರೋ ತೇವ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ್ದು. ಬಿಸಿಲು ಬಂದು ಒಂದು ಗಂಟೆಯಲ್ಲಿ ಮಾಯ. ಹತ್ತುವಂಥ ಐಸ್ ಬೇಕು ಅಂದ್ರೆ ಒಂದು ರಾತ್ರಿಯ ಚಳಿ ಸಾಲಲ್ಲ. ವಾರಗಟ್ಟಲೆ ಸೊನ್ನೆಗಿಂತ ಕೆಳಗಿರಬೇಕು, ಜೊತೆಗೆ ಸಣ್ಣಗೆ ನೀರು ಜಿನುಗುತ್ತಾ ಇರಬೇಕು. ಪದರದ ಮೇಲೆ ಪದರ ಕೂತು ಕೂತು ಗೋಡೆ ಆಗಬೇಕು. ನಮ್ಮ ಕನ್ನಡದಲ್ಲಿ ಹೆಬ್ಬಾಳ ಕೆರೆ ಮೇಲೆ ನಿಂತಿರೋದೂ ಮಂಜು, ಹಿಮಾಲಯದಲ್ಲಿ ಬೀಳೋದೂ ಮಂಜು. ಆದ್ರೆ ನಾವು ಹತ್ತೋದು ಇವೆರಡನ್ನೂ ಅಲ್ಲ, ಮಂಜುಗಡ್ಡೆಯನ್ನ.

ಹಳೇ ಫ್ರಿಡ್ಜ್ ಕಲಿಸೋ ಪಾಠ

ಈಗ ತಮ್ಮನ ಮುಖ್ಯ ವಾದಕ್ಕೆ ಬರೋಣ. "ಶೀತಗಾಳಿ ಬಂದಿದೆ, ಆದ್ದರಿಂದ ಇದೇ ಸರಿಯಾದ ಟೈಮು." ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಅರ್ಧ ಸತ್ಯ ಅಷ್ಟೇ.

ನಿಮ್ಮ ಮನೆಯಲ್ಲಿ ಹಳೇ ಸಿಂಗಲ್ ಡೋರ್ ಫ್ರಿಡ್ಜ್ ಇತ್ತಾ? ಅದರ ಫ್ರೀಜರ್‌ನಲ್ಲಿ ದಪ್ಪಗೆ ಐಸ್ ಕಟ್ಟಿಕೊಳ್ತಿತ್ತಲ್ಲ? ಫ್ರಿಡ್ಜ್ ಜೋರಾಗಿ ಓಡ್ತಿರುವಾಗಲೇ ಚಮಚದಲ್ಲಿ ಕುಟ್ಟಿದರೆ ಚೂರು ಚೂರಾಗಿ ಮುಖಕ್ಕೆ ಹಾರುತ್ತೆ. ಸ್ವಿಚ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಮುಟ್ಟಿದರೆ ಇಡೀ ಹಲಗೆಯೇ ಗೋಡೆಯಿಂದ ಕಳಚಿ ಧೊಪ್ ಅಂತ ಬೀಳುತ್ತೆ.

ಬೆಟ್ಟದ ಐಸೂ ಹಾಗೇ. ತೀರಾ ಚಳಿ ಇದ್ದಾಗ ಅದು ಗಾಜಿನ ಹಾಗೆ ಪೆಡಸು. ಕೊಡಲಿ ಹೊಡೆದರೆ ಕಚ್ಚಿಕೊಳ್ಳಲ್ಲ, ತಟ್ಟೆ ಗಾತ್ರದ ಚೂರುಗಳು ಎದ್ದು ಬರುತ್ತವೆ. ಉಷ್ಣಾಂಶ ಒಂದೇ ರಾತ್ರಿಯಲ್ಲಿ ದಡಕ್ಕನೆ ಕುಸಿದರೆ ಐಸ್ ಕುಗ್ಗುತ್ತೆ, ಒಳಗೆ ಬಿಗಿತ ಹುಟ್ಟುತ್ತೆ. ಮೇಲಿಂದ ನೇತಾಡೋ ಕಂಬಗಳಲ್ಲಿ ಬಿರುಕು ಬಿಡುತ್ತೆ. ಇನ್ನೊಂದು ಕಡೆ ಬಿಸಿಲು ಬಿದ್ದು ಕರಗತೊಡಗಿದರೆ ಬಂಡೆಗೂ ಐಸ್‌ಗೂ ನಡುವೆ ನೀರು ಇಳಿದು, ಹಿಡಿತವೇ ಬಿಟ್ಟುಹೋಗುತ್ತೆ.

ಹತ್ತೋರಿಗೆ ಬೇಕಾಗಿರೋದು ಇವೆರಡರ ನಡುವಿನ ಸ್ಥಿತಿ. ಹಲವು ದಿನ ಒಂದೇ ಸಮನೆ ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗೆ ಇರಬೇಕು. ಆಗ ಕೊಡಲಿ ಒಂದೇ ಏಟಿಗೆ "ಟಕ್" ಅಂತ ಕೂರುತ್ತೆ. ಶೀತಗಾಳಿ ಬಡಿದ ಮೊದಲ ಎರಡು ಮೂರು ದಿನ ಅಲ್ಲ, ಅದು ನಿಂತು ಹವಾಮಾನ ಒಂದು ಹದಕ್ಕೆ ಬಂದ ಮೇಲಿನ ದಿನಗಳು ಒಳ್ಳೇವು.

ನನ್ನ ಮೊದಲ ಸಲ

ಎರಡು ವರ್ಷದ ಹಿಂದೆ, ಇಂಥದ್ದೇ ಜನವರಿ. ನಾನೂ ಒಂದು ರೀಲ್ ನೋಡಿ, ಒಂದು ಟ್ರಿಪ್ ಕಂಪನಿಗೆ ದುಡ್ಡು ಕಟ್ಟಿದೆ. ಹೆಸರು ಹೇಳಲ್ಲ, ಅದು ಮುಖ್ಯವೂ ಅಲ್ಲ. "ಐದು ದಿನ, ಹೊಸಬರಿಗೂ ಸುಲಭ" ಅಂತ ಬರೆದಿದ್ದರು. ಯಲಹಂಕದವರಿಗೆ ದೇವನಹಳ್ಳಿ ಏರ್‌ಪೋರ್ಟ್ ಪಕ್ಕದ ಮನೆ ಇದ್ದ ಹಾಗೆ. ರಾತ್ರಿ ಮನೆಯಲ್ಲಿ ಅಮ್ಮ ಮಾಡಿದ ಹಿತಕಿದ ಅವರೆಬೇಳೆ ಸಾರು ಊಟ ಮಾಡಿ ಹೊರಟೆ. ದೆಹಲಿಯಲ್ಲಿ ಫ್ಲೈಟ್ ಬದಲಿಸಿ, ಬೆಳಗ್ಗೆ ಲೇಹ್‌ನಲ್ಲಿ ಇಳಿದೆ. 920 ಮೀಟರ್‌ನಿಂದ ಸುಮಾರು 3,500 ಮೀಟರ್‌ಗೆ, ಒಂದೇ ರಾತ್ರಿಯಲ್ಲಿ.

ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ಲೇಹ್‌ಗಿಂತ ಇನ್ನೂ ಎತ್ತರದ ಒಂದು ಐಸ್ ಗೋಡೆ ಕೆಳಗೆ ನಿಂತಿದ್ದೆ. ತಲೆ ಸಿಡಿಯುತ್ತಿತ್ತು. ನಿದ್ದೆ ಕೆಟ್ಟಿದ್ದಕ್ಕೆ ಇರಬೇಕು ಅಂದ್ಕೊಂಡೆ. ಶೂಗೆ ಕ್ರ್ಯಾಂಪಾನ್, ಅಂದ್ರೆ ಉಕ್ಕಿನ ಮುಳ್ಳಿನ ಚೌಕಟ್ಟು, ಕಟ್ಟಿಕೊಳ್ಳೋಕೆ ಬಗ್ಗಿದವಳು ಅಲ್ಲೇ ವಾಂತಿ ಮಾಡಿಕೊಂಡೆ.

ಅಲ್ಲಿನ ಲಡಾಖಿ ತರಬೇತುದಾರರು ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಮಂಡಿಯೂರಿ ಕೂತು ನನ್ನ ಕಾಲಿನ ಕ್ರ್ಯಾಂಪಾನ್ ಬಿಚ್ಚಿದರು. "ಇವತ್ತು ಬೇಡ" ಅಂತ ಹಿಂದಿಯಲ್ಲಿ ಅಂದರು. ನನಗೆ ಎಷ್ಟು ಸಿಟ್ಟು ಬಂತು ಗೊತ್ತಾ? ಕಟ್ಟಿದ ದುಡ್ಡು, ಹಾಕಿದ ರಜೆ, ಫ್ರೆಂಡ್ಸ್‌ಗೆಲ್ಲಾ ಹೇಳಿಬಂದಿದ್ದು. ಜಗಳಕ್ಕೆ ಹೋದೆ. ಅವರು ಮಾತೇ ಆಡದೆ ಗಾಡಿ ಕರೆಸಿ ಕೆಳಗೆ ಕಳಿಸಿದರು. ಉಳಿದ ದಿನವೆಲ್ಲಾ ರೂಮಿನಲ್ಲಿ ಮಲಗಿದ್ದೆ. ಕಂಪನಿಯವರು ಫೋನ್‌ನಲ್ಲಿ "ಹಣ ವಾಪಸ್ ಇಲ್ಲ" ಅಂದರು.

ಆ ಇಡೀ ಟ್ರಿಪ್‌ನಲ್ಲಿ ಸರಿಯಾದ ಕೆಲಸ ಮಾಡಿದ್ದು ಆ ಒಬ್ಬರೇ ಅಂತ ಅರ್ಥ ಆಗೋಕೆ ನನಗೆ ಒಂದು ವರ್ಷ ಬೇಕಾಯ್ತು. ಎತ್ತರದ ಜಾಗಕ್ಕೆ ಹೋದಾಗ ದೇಹ ಹೊಂದಿಕೊಳ್ಳೋಕೆ ಟೈಮ್ ಬೇಕು. ತಲೆನೋವು, ವಾಂತಿ, ಸುಸ್ತು ಕಾಣಿಸಿಕೊಂಡರೆ ಇನ್ನೂ ಮೇಲಕ್ಕೆ ಹೋಗಬಾರದು. ಜಾಸ್ತಿಯಾದರೆ ಕೆಳಗಿಳಿಯಬೇಕು. ಸುಮ್ಮನೆ ಕೂತಿದ್ದಾಗಲೂ ಉಸಿರು ಕಟ್ಟಿದರೆ, ಕೆಮ್ಮು ಹೆಚ್ಚಾದರೆ, ನಡೆಯುವಾಗ ತೂರಾಡಿದರೆ ಅದು ತುರ್ತು ಪರಿಸ್ಥಿತಿ. ಇದಕ್ಕೆ ನಿಮ್ಮ ಜಿಮ್ ಬಾಡಿ ಲೆಕ್ಕಕ್ಕಿಲ್ಲ. ಮ್ಯಾರಥಾನ್ ಓಡೋರಿಗೂ ಬರುತ್ತೆ.

ಐದು ಪ್ರಶ್ನೆ

ಹಾಗಾದರೆ "ಹೊಸಬರಿಗೆ ಸುಲಭವಾದ ಜಾಗ" ಅಂದ್ರೆ ಏನು? ಹೆಸರು ಕೇಳಬೇಡಿ. ಯಾವ ಜಾಗದ ಬಗ್ಗೆ ಯಾರೇ ಹೇಳಲಿ, ಈ ಐದು ಪ್ರಶ್ನೆ ಕೇಳಿ.

ಒಂದು. ಹಗ್ಗವನ್ನ ಮೇಲಿಂದ ಇಳಿಬಿಡೋಕೆ ಆಗುತ್ತಾ? ಪಕ್ಕದಿಂದ ನಡೆದುಕೊಂಡು ಗೋಡೆಯ ತಲೆಗೆ ಹೋಗಿ, ಅಲ್ಲಿ ಗಟ್ಟಿಯಾಗಿ ಹಗ್ಗ ಕಟ್ಟೋಕೆ ದಾರಿ ಇರಬೇಕು. ಇದಕ್ಕೆ ಟಾಪ್ ರೋಪ್ ಅಂತಾರೆ. ಕೈ ಜಾರಿದರೂ ಸ್ವಲ್ಪ ಕೆಳಗೆ ಬಂದು ನೇತಾಡ್ತೀರಿ ಅಷ್ಟೇ. ಹಗ್ಗ ಎಳೆದುಕೊಂಡು ಕೆಳಗಿಂದ ಮೊದಲು ಹತ್ತೋರಿಗೆ ಈ ರಕ್ಷಣೆ ಇಲ್ಲ. ಬೀಳುವಾಗ ಕಾಲಿನ ಮುಳ್ಳು ಐಸ್‌ಗೆ ಸಿಕ್ಕಿ ಕಣಕಾಲು ಮುರಿಯುತ್ತೆ. ಹೊಸಬರು ಆ ಕೆಲಸಕ್ಕೆ ಕೈ ಹಾಕಲೇಬಾರದು.

ಎರಡು. ಎಷ್ಟು ಕಡಿದು? ಹೆಪ್ಪುಗಟ್ಟಿದ ಜಲಪಾತಗಳಿಗೆ ಡಬ್ಲ್ಯೂಐ 1, ಡಬ್ಲ್ಯೂಐ 2 ಅಂತ ಗ್ರೇಡ್ ಇರುತ್ತೆ. 2 ಅಂದ್ರೆ ಸುಮಾರು 60 ಡಿಗ್ರಿ ಇಳಿಜಾರು. 3 ಅಂದ್ರೆ 70 ಡಿಗ್ರಿ, ನಡುವೆ ಸ್ವಲ್ಪ ನೆಟ್ಟಗೆ. ಹೊಸಬರಿಗೆ 2 ಸಾಕು, ಮೂರನೇ ದಿನಕ್ಕೆ 3 ನೋಡಬಹುದು. ರೀಲ್‌ನಲ್ಲಿ ಕಾಣೋ ನೆಟ್ಟನೆ ಕಂಬಗಳು ಅದಕ್ಕಿಂತ ಮೇಲಿನವು. ಎತ್ತರ ಹತ್ತು ಹದಿನೈದು ಮೀಟರ್ ಇದ್ದರೆ ಧಾರಾಳ ಆಯ್ತು.

ಮೂರು. ತಲೆ ಮೇಲೆ ಏನಿದೆ? ಗೋಡೆಯನ್ನ ಅಲ್ಲ, ಗೋಡೆಯ ಮೇಲೆ ನೋಡಿ. ನೇತಾಡೋ ದೊಡ್ಡ ಕೊಳವೆಗಳಿವೆಯಾ? ಅದರ ಮೇಲೆ ಹಿಮ ತುಂಬಿದ ಇಳಿಜಾರಿದ್ದು, ಹಿಮಕುಸಿತ ಬರೋ ದಾರಿಯಲ್ಲೇ ನೀವು ನಿಂತಿದ್ದೀರಾ? ಬಿಸಿಲು ಎಷ್ಟು ಗಂಟೆಗೆ ಬೀಳುತ್ತೆ? ಕೆಳಗೆ ಹಗ್ಗ ಹಿಡಿದು ನಿಲ್ಲೋರು ಹತ್ತೋರ ನೇರ ಕೆಳಗೆ ಅಲ್ಲ, ಪಕ್ಕಕ್ಕೆ ನಿಲ್ಲೋಕೆ ಜಾಗ ಇರಬೇಕು. ಯಾಕಂದ್ರೆ ಐಸ್ ಚೂರು ಬಿದ್ದೇ ಬೀಳುತ್ತೆ. ಹೆಲ್ಮೆಟ್ ಇಲ್ಲದೆ ಫೋಟೋ ತೆಗೆಯೋಕೂ ಹತ್ತಿರ ಹೋಗಬೇಡಿ.

ನಾಲ್ಕು. ಕಳೆದ ಒಂದು ವಾರ ಹವಾಮಾನ ಹೇಗಿತ್ತು? ಇವತ್ತಿನ ಉಷ್ಣಾಂಶ ಒಂದೇ ಸಾಲಲ್ಲ. ಮೇಲೆ ಹೇಳಿದ ಫ್ರಿಡ್ಜ್ ಕಥೆ ನೆನಪಿದೆಯಲ್ಲ? ಇದಕ್ಕೆ ಉತ್ತರ ಆ್ಯಪ್‌ನಲ್ಲಿ ಸಿಗಲ್ಲ. ಪ್ರತಿ ದಿನ ಆ ಗೋಡೆ ನೋಡ್ತಿರೋ ಊರಿನವರ ಹತ್ತಿರ ಇರುತ್ತೆ.

ಐದು. ಕೆಳಗೆ ಬರೋದು ಹೇಗೆ, ಮತ್ತು "ಬೇಡ" ಅಂತ ಹೇಳೋರು ಯಾರು? ಗಾಡಿ ರಸ್ತೆ ಎಷ್ಟು ದೂರ, ಆಸ್ಪತ್ರೆ ಎಲ್ಲಿ, ಹುಷಾರಿಲ್ಲ ಅಂದ್ರೆ ಅದೇ ದಿನ ಇಳಿಯೋಕೆ ಆಗುತ್ತಾ. ನಿಮ್ಮನ್ನ ವಾಪಸ್ ಕಳಿಸೋ ಅಧಿಕಾರ ಗೋಡೆ ಹತ್ತಿರ ನಿಂತಿರೋ ತರಬೇತುದಾರರಿಗೆ ಇದೆಯಾ, ಇಲ್ಲಾ ಬುಕಿಂಗ್ ಮಾಡಿದವರ ಕೈಲಿದೆಯಾ? ದುಡ್ಡು ಕಟ್ಟೋ ಮುಂಚೆ ಇದನ್ನ ಬಾಯಿಬಿಟ್ಟು ಕೇಳಿ.

ಸರಿ, ಜಾಗಗಳು ಎಲ್ಲಿವೆ?

ಹಿಮಾಚಲದ ಸ್ಪಿತಿ ಕಣಿವೆ. ಕಾಜಾ ಅಲ್ಲಿನ ಮುಖ್ಯ ಊರು, 3,600 ಮೀಟರ್‌ಗಿಂತ ಎತ್ತರದಲ್ಲಿದೆ. ಜನವರಿ, ಫೆಬ್ರವರಿಯಲ್ಲಿ ಸುತ್ತಮುತ್ತಲ ಸಣ್ಣ ಹಳ್ಳಗಳು ಹೆಪ್ಪುಗಟ್ಟುತ್ತವೆ. ಲಿಂಗ್ಟಿ ಜಲಪಾತದ ಫೋಟೋ ನೀವು ನೋಡಿರಬಹುದು. ಅದು ದೊಡ್ಡದು, ಪಳಗಿದವರಿಗೆ. ಹೊಸಬರು ಅಲ್ಲಿನ ಹುಡುಗರ ಜೊತೆ ಚಿಕ್ಕ ಹಳ್ಳಗಳಲ್ಲೇ ಕಲೀಬೇಕು.

ಲಡಾಖ್. ಲೇಹ್‌ನಿಂದ ಖಾರ್ದುಂಗ್ ಲಾ ಕಡೆ ಹೋಗೋ ರಸ್ತೆಯಲ್ಲಿ ಗಂಗ್ಲೆಸ್ ಅಂತ ಹಳ್ಳಿ ಇದೆ, ಅಲ್ಲಿ ತರಬೇತಿ ನಡೆಯುತ್ತೆ. ರಸ್ತೆಗೆ ಹತ್ತಿರ ಅನ್ನೋದು ಒಳ್ಳೇದು, ಆದ್ರೆ ಎತ್ತರ ಲೇಹ್‌ಗಿಂತ ಜಾಸ್ತಿ. ಲೇಹ್‌ನಲ್ಲಿ ಕಡೇಪಕ್ಷ ಎರಡು ಪೂರ್ತಿ ದಿನ ಏನೂ ಮಾಡದೆ ಇರಿ, ಆಮೇಲೆ ಮಾತು. ಅಲ್ಲೇ ಇನ್ನೊಂದು ವಿಷಯ. ಸೋನಮ್ ವಾಂಗ್‌ಚುಕ್ ಅವರು 2013-14ರ ಚಳಿಗಾಲದಲ್ಲಿ ಶುರು ಮಾಡಿದ ಐಸ್ ಸ್ತೂಪಗಳು ನಿಮಗೆ ಗೊತ್ತಿರಬಹುದು. ಪೈಪಿನಲ್ಲಿ ಬಂದ ನೀರನ್ನ ಚಿಮ್ಮಿಸಿ ಕೋನ್ ಆಕಾರದಲ್ಲಿ ಹೆಪ್ಪುಗಟ್ಟಿಸಿ ಇಡೋದು. ಅದು ಆಟದ ಗೋಡೆ ಅಲ್ಲ, ವಸಂತದಲ್ಲಿ ಬಿತ್ತನೆಗೆ ಬೇಕಾಗೋ ಆ ಹಳ್ಳಿಯ ನೀರು. ಕೇಳದೆ ಹತ್ತಬೇಡಿ.

ಅಮೆರಿಕದ ಕೊಲರಾಡೊದಲ್ಲಿ ಯೂರೇ ಅಂತ ಊರಿದೆ. ಅಲ್ಲಿ 1990ರ ದಶಕದಿಂದ ಕಮರಿಯ ಅಂಚಿನಲ್ಲಿ ಪೈಪ್ ಹಾಕಿ, ನೀರು ಬಿಟ್ಟು, ಹತ್ತೋಕೆ ಅಂತಲೇ ಐಸ್ "ಬೆಳೀತಾರೆ". ಊರ ಪಕ್ಕದಲ್ಲೇ ಗೋಡೆ, ಮೇಲಿಂದ ಹಗ್ಗ. ನಮ್ಮ ಐದು ಪ್ರಶ್ನೆಯಲ್ಲಿ ಹೆಚ್ಚಿನವಕ್ಕೆ ಅವರು ಮೊದಲೇ ಉತ್ತರ ಮಾಡಿಟ್ಟಿದ್ದಾರೆ. ಅದಕ್ಕೇ ಹೊಸಬರಿಗೆ ಅದು ಅಷ್ಟು ಇಷ್ಟ.

ಕಾಶ್ಮೀರದ ಟ್ಯಾಂಗ್‌ಮಾರ್ಗ್ ಹತ್ತಿರದ ದ್ರಂಗ್ ಜಲಪಾತ. ಲಡಾಖ್‌ನಷ್ಟು ಎತ್ತರ ಇಲ್ಲ, ಉಸಿರಿನ ಕಾಟ ಕಮ್ಮಿ. ಆದ್ರೆ ಮೂರನೇ ಪ್ರಶ್ನೆ ನೆನಪಿರಲಿ. ಅಲ್ಲಿ ಪ್ರವಾಸಿಗರು ನೇತಾಡೋ ಐಸ್ ಕೊಳವೆಗಳ ಕೆಳಗೇ ನಿಂತು ಸೆಲ್ಫಿ ತೆಗೀತಾರೆ. ನೀವು ಆ ಗುಂಪಿಗೆ ಸೇರಬೇಡಿ.

ಇನ್ನು ನಿಜವಾಗಿ ಕಲೀಬೇಕು ಅನ್ನೋರಿಗೆ ನನ್ನ ಮೊದಲ ಸಲಹೆ ಜಾಗ ಅಲ್ಲ, ಶಾಲೆ. ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್ 1954ರಿಂದ ಇದೆ, ಉತ್ತರಕಾಶಿಯ ನೆಹರೂ ಇನ್‌ಸ್ಟಿಟ್ಯೂಟ್ 1965ರಿಂದ. ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸ್‌ನಲ್ಲಿ ಮೊದಲು ಬಂಡೆ, ಆಮೇಲೆ ಹಿಮ, ಆಮೇಲೆ ಐಸ್. ಆ ಕ್ರಮಕ್ಕೆ ಅರ್ಥ ಇದೆ.

ಯಶವಂತಪುರದಿಂದ ಹೊರಡೋ ದಾರಿ

ಎರಡನೇ ಸಲ ನಾನು ಫ್ಲೈಟ್ ಹತ್ತಲಿಲ್ಲ. ಯಶವಂತಪುರದಿಂದ ಚಂಡೀಗಢಕ್ಕೆ ಹೋಗೋ ಸಂಪರ್ಕ ಕ್ರಾಂತಿ ಹತ್ತಿದೆ. ಎರಡು ದಿನದ ಪ್ರಯಾಣ. ಅಲ್ಲಿಂದ ಶಿಮ್ಲಾ, ರಾಂಪುರ, ರೆಕಾಂಗ್ ಪಿಯೋ, ಟಾಬೋ, ಕಾಜಾ. ಚಳಿಗಾಲದಲ್ಲಿ ಮನಾಲಿ ಕಡೆಯಿಂದ ಬರೋ ಕುಂಜುಂ ಪಾಸ್ ಹಿಮದಲ್ಲಿ ಮುಚ್ಚಿರುತ್ತೆ, ಹಾಗಾಗಿ ಇರೋದು ಕಿನ್ನೌರ್ ಕಡೆಯ ಈ ದಾರಿ ಒಂದೇ. ಇದೂ ಹಿಮ ಬಿದ್ದರೆ ಒಂದೊಂದು ದಿನ ಬಂದ್. ನಿಧಾನ, ಬೇಜಾರು, ಬೆನ್ನುನೋವು. ಆದ್ರೆ ಶಿಮ್ಲಾದಲ್ಲಿ 2,200, ಟಾಬೋದಲ್ಲಿ 3,280 ಅಂತ ದೇಹ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಕಾಜಾ ತಲುಪಿದಾಗ ತಲೆನೋವು ಇತ್ತು, ಎರಡು ದಿನ ಕೂತೆ, ಹೋಯ್ತು.

ಮೂರನೇ ದಿನ ಹತ್ತಿದೆ. ಗೋಡೆ ಎತ್ತರ ನಮ್ಮನೆ ಹತ್ತಿರದ ನಾಲ್ಕು ಮಹಡಿ ಅಪಾರ್ಟ್‌ಮೆಂಟ್‌ನಷ್ಟು. ಹಿಮ್ಮಡಿ ಕೆಳಗಿರಬೇಕು, ಎರಡು ಕಾಲೂ ಅಗಲಕ್ಕೆ, ಕೈ ಮೇಲೆ ಒಂದೇ ಕಡೆ. ನಾನು ಮಾಡಿದ್ದು ಎಲ್ಲಾ ಉಲ್ಟಾ. ಕೊಡಲಿಯನ್ನ ಪ್ರಾಣ ಹೋಗೋ ಹಾಗೆ ಬಿಗಿಯಾಗಿ ಹಿಡಿದಿದ್ದಕ್ಕೆ ಕೈ ಮರಗಟ್ಟಿತು. ಕೆಳಗೆ ಬಂದ ಮೇಲೆ ಬೆರಳಿಗೆ ರಕ್ತ ವಾಪಸ್ ಹರಿಯುವಾಗ ಬರೋ ನೋವಿದೆಯಲ್ಲ, ಅಬ್ಬಾ! ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಸ್ಪಿತಿ ಹುಡುಗಿ ನಗುತ್ತಾ ಬೆಣ್ಣೆ ಚಹಾ ಕೊಟ್ಟಳು. ಮಧ್ಯಾಹ್ನ ಗೋಡೆ ಮೇಲೆ ಬಿಸಿಲು ಬಿತ್ತು. ನನಗೆ ಇನ್ನೊಂದು ಸಲ ಹತ್ತಬೇಕಿತ್ತು. "ಸಾಕು, ಹಗ್ಗ ಸುತ್ತೋಣ" ಅಂದರು. ಈ ಸಲ ನಾನು ಜಗಳ ಆಡಲಿಲ್ಲ.

ಅಲ್ಲಿಯ ತನಕ ಇಲ್ಲಿ ಏನು?

ನಮ್ಮ ಚಳಿಗಾಲ ವೇಸ್ಟ್ ಅಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಬಂಡೆ ಹತ್ತೋಕೆ ವರ್ಷದಲ್ಲೇ ಒಳ್ಳೇ ಟೈಮು. ಕಲ್ಲು ಕಾದಿರಲ್ಲ, ಕೈ ಬೆವರಲ್ಲ. ರಾಮನಗರದ ಗ್ರಾನೈಟ್ ಬೆಟ್ಟಗಳು, ಬಾದಾಮಿಯ ಮರಳುಗಲ್ಲು, ನಗರದೊಳಗೆ ಕಂಠೀರವ ಸ್ಟೇಡಿಯಂನ ಕ್ಲೈಂಬಿಂಗ್ ಗೋಡೆ ಇವೆ. ಕೊಡಗಿನ ಜನರಲ್ ತಿಮ್ಮಯ್ಯ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರದ ಸಾಹಸ ಅಕಾಡೆಮಿಯೂ ಇದೆ. ಗಂಟು ಹಾಕೋದು, ಹಾರ್ನೆಸ್ ಕಟ್ಟೋದು, ಜೊತೆಗಾರರ ಹಗ್ಗ ಹಿಡಿಯೋದು, ಇವೆಲ್ಲ ಬಂಡೆಗೂ ಐಸ್‌ಗೂ ಒಂದೇ. ಇದನ್ನ ಇಲ್ಲಿ ಬೆಚ್ಚಗಿನ ಕೈಯಲ್ಲಿ ಕಲಿತರೆ ಅಲ್ಲಿ ಮೈನಸ್ ಹತ್ತರಲ್ಲಿ ಪರದಾಡಲ್ಲ. ಕೊಡಲಿ, ಕ್ರ್ಯಾಂಪಾನ್ ಆನ್‌ಲೈನ್‌ನಲ್ಲಿ ಕೊಳ್ಳಬೇಡಿ, ಅಲ್ಲಿ ಬಾಡಿಗೆಗೆ ಕೇಳಿ. ನೀವು ಒಯ್ಯಬೇಕಾದ್ದು ಎರಡು ಮೂರು ಜೊತೆ ಗ್ಲೌಸ್ ಮತ್ತು ಖಾಲಿ ದಿನಗಳಿರೋ ರಜೆ.

ಇಷ್ಟನ್ನೂ ತಮ್ಮನಿಗೆ ಹೇಳಿದೆ. ಹನ್ನೊಂದು ನಿಮಿಷದ ವಾಯ್ಸ್ ನೋಟ್, ನಮ್ಮ ಮನೆಯಲ್ಲಿ ಇದೇ ದಾಖಲೆ. ಲೇಹ್‌ನಲ್ಲಿ ವಾಂತಿ ಮಾಡಿದ ಕಥೆಯೂ ಅದರಲ್ಲೇ ಇತ್ತು. ಅವನು ಟ್ರಿಪ್ ಕಂಪನಿಗೆ ಫೋನ್ ಮಾಡಿ ಐದೂ ಪ್ರಶ್ನೆ ಕೇಳಿದನಂತೆ. ಮೊದಲೆರಡಕ್ಕೆ ಉತ್ತರ ಬಂತು. ಮೂರನೆಯದಕ್ಕೆ "ಅದೆಲ್ಲಾ ನಾವು ನೋಡ್ಕೋತೀವಿ ಸರ್" ಅಂದರು. ಐದನೆಯದು ಕೇಳೋಷ್ಟರಲ್ಲಿ "ಇನ್ನು ಎರಡೇ ಸೀಟ್ ಇರೋದು ಸರ್, ಬೇಗ ಹೇಳಿ" ಅಂತ ಶುರು ಮಾಡಿದರಂತೆ.

ಅವನು ದುಡ್ಡು ಕಟ್ಟಲಿಲ್ಲ. ನನ್ನ ಮೇಲೆ ಸ್ವಲ್ಪ ಕೋಪ ಇದೆ, ಇರಲಿ. ಆ ಕೋಪ ಎಂಥದ್ದು ಅಂತ ನನಗೆ ಗೊತ್ತು. ನಿನ್ನೆ ರಾತ್ರಿ ಮೆಸೇಜ್ ಬಂತು: "ಅಕ್ಕಾ, ಭಾನುವಾರ ರಾಮನಗರಕ್ಕೆ ಎಷ್ಟು ಗಂಟೆಗೆ ಹೊರಡೋದು?" ಬೆಳಗ್ಗೆ ಐದಕ್ಕೆ ಅಂದಿದ್ದೀನಿ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತೆ, ಅಷ್ಟರೊಳಗೆ ಅವನಿಗೆ ಗಂಟು ಹಾಕೋದು ಬರಬೇಕು.

ನೀವೂ ಹೀಗೆ ಎಲ್ಲಾದರೂ ಹೊರಟಿದ್ದರೆ ಆ ಐದು ಪ್ರಶ್ನೆಯ ಸ್ಕ್ರೀನ್‌ಶಾಟ್ ತಗೊಳ್ಳಿ. ದುಡ್ಡು ಕಟ್ಟೋ ಮುಂಚೆ ಕೇಳಿ. ಮುಂದಿನ ವಾರ ಮತ್ತೆ ಸಿಗೋಣ, ಅಲ್ಲಿಯ ತನಕ ಬೆಚ್ಚಗಿರಿ. ನಮಸ್ಕಾರ.